ಗುಬ್ಬಿ ಕತೆಯ ಕಳವು

ಒಂದೂರಲ್ಲಿ ಒಬ್ಬ ದರ್ಜಿ, ಅವನಿಗೊಬ್ಬಳು ಹೆಂಡತಿ. ಅಜ್ಜಿಯರ ಕತೆಗಳಲ್ಲಿ ರಾಕ್ಷಸನ ಜೀವ ಗಿಳಿಯೊಳಗೆ ಇರುತ್ತದಲ್ಲ, ಹಾಗೆ ಈ ಹೆಂಡತಿಯ ದನಿ ಅಂಚೆಚೀಟಿಯಷ್ಟಗಲದ ಒಂದು ಮೆಮೊರಿ ಕಾರ್ಡಿನೊಳಗೆ ಇತ್ತು. ಕಾರ್ಡು ಕ್ಯಾಮೆರಾದೊಳಗೆ, ಕ್ಯಾಮೆರಾ ಟ್ರೈಪಾಡಿನ ಮೇಲೆ, ಟ್ರೈಪಾಡು ದರ್ಜಿಯ ಅಂಗಡಿಯೊಳಗೆ.

ಒಂದು ಭಾನುವಾರ ಬೆಳಿಗ್ಗೆ ಅಂಗಡಿಯ ಬೀಗ ಮುರಿದು ಬಿದ್ದಿತ್ತು. ಟ್ರೈಪಾಡು ಮೂರು ಕಾಲಿನ ಮೇಲೆ ಸುಮ್ಮನೆ ನಿಂತಿತ್ತು. ಅದರ ನೆತ್ತಿಯ ಮೇಲೆ ಏನೂ ಇರಲಿಲ್ಲ.

ಇನ್‌ಸ್ಪೆಕ್ಟರಮ್ಮ ಬಂದಾಗ ದರ್ಜಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ. ಕಾಲು ಪೆಡಲಿನ ಮೇಲಿತ್ತು. ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ.

"ಏನೇನು ಹೋಗಿದೆ?"

"ಕ್ಯಾಮೆರಾ. ಅದರೊಳಗಿನ ಕಾರ್ಡು. ಕಾಲರಿಗೆ ಸಿಕ್ಕಿಸೋ ಮೈಕು, ಚೀಲದ ಸಮೇತ."

"ಬೇರೆ?"

"ಬೇರೆ ಏನಿದೆ ಮೇಡಂ ಇಲ್ಲಿ, ಕದಿಯೋ ಅಂಥದ್ದು?"

ನಿಜ. ಉಳಿದದ್ದೆಲ್ಲ ಅವನು ಕೈಯಾರೆ ಮಾಡಿಕೊಂಡದ್ದು. ದೊಡ್ಡ ಸ್ಟುಡಿಯೋದವರು ಅಂಗಡಿಯಿಂದ ತರುವುದನ್ನೆಲ್ಲ ಇವನು ಕತ್ತರಿ, ದಾರದಲ್ಲೇ ಮುಗಿಸಿದ್ದ. ಕಾರಿನ ಗಾಜಿಗೆ ಬಿಸಿಲು ತಡೆಯಲು ಇಡುವ ಬೆಳ್ಳಿಬಣ್ಣದ ಹಾಳೆಯೇ ಮುಖಕ್ಕೆ ಬೆಳಕು ಚೆಲ್ಲುವ ಫಲಕ. ಬಲ್ಬಿನ ಬೆಳಕು ಮೆದುವಾಗಲೆಂದು ಅದರ ಮುಂದೆ ಲೈನಿಂಗ್ ಬಟ್ಟೆ. ಕಿಟಕಿ ಪರದೆಯ ಕಂಬಿಗಳ ಮೇಲೆ ಕ್ಯಾಮೆರಾ ಜಾರಿಸುವ ಹಲಗೆ. ಹಳೆಯ ಜೀನ್ಸಿನ ಕಾಲುಗಳಿಗೆ ಮರಳು ತುಂಬಿ ಹೊಲಿದ ಭಾರದ ಚೀಲಗಳು.

ಜೊತೆಗೆ ಬಂದಿದ್ದ ದಫೇದಾರ ಒಂದು ಚೀಲವನ್ನು ಬೂಟಿನ ತುದಿಯಿಂದ ಮುಟ್ಟಿದ. "ಇದೇನ್ರೀ, ಪ್ಯಾಂಟಿಗೇ ಹೊಟ್ಟೆ ಬಂದಿದೆ?"

"ಲೈಟಿನ ಸ್ಟ್ಯಾಂಡು ಬೀಳದ ಹಾಗೆ ಅದರ ಕಾಲ ಮೇಲೆ ಇಡೋದು ಸಾರ್."

"ಹಾಗಾದ್ರೆ ನಾನೇ ಬಂದು ಕೂತ್ಕೋಬಹುದಿತ್ತು," ಎಂದ ದಫೇದಾರ ತನ್ನ ಹೊಟ್ಟೆ ಸವರಿಕೊಂಡು. ಯಾರೂ ನಗಲಿಲ್ಲ.

"ಕಾರ್ಡಿನಲ್ಲಿ ಏನಿತ್ತು?" ಇನ್‌ಸ್ಪೆಕ್ಟರಮ್ಮ ಕೇಳಿದಳು.

ದರ್ಜಿ ತಲೆ ತಗ್ಗಿಸಿದ. ಉತ್ತರ ಬಾಗಿಲಿನಿಂದ ಬಂತು. ಅವನ ಮಗಳು ಹೆಗಲ ಮೇಲೆ ತಿಂಗಳ ಕೂಸನ್ನು ಹಾಕಿಕೊಂಡು ನಿಂತಿದ್ದಳು.

"ನಮ್ಮಮ್ಮನ ದನಿ."

ಮಗಳು ಬಸುರಿಯಾಗಿದ್ದಾಗಲೇ ಅಮ್ಮನ ಗಂಟಲಲ್ಲಿ ಗಡ್ಡೆ ಕಾಣಿಸಿತ್ತು. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಬರುವುದಿಲ್ಲ ಎಂದರು ವೈದ್ಯರು. ಅಮ್ಮ ಅತ್ತದ್ದು ಒಂದೇ ವಿಷಯಕ್ಕೆ. ತನ್ನ ತಾಯಿ ತನಗೆ ಹೇಳಿದ್ದ, ತಾನು ಮಗಳಿಗೆ ಹೇಳಿದ್ದ ಗುಬ್ಬಿ ಕತೆಯನ್ನು ಮೊಮ್ಮಗುವಿಗೂ ಹೇಳುತ್ತೇನೆಂದು ಮಾತು ಕೊಟ್ಟಿದ್ದಳು. ದರ್ಜಿ ಆ ಮಾತನ್ನು ತನ್ನ ಮೇಲೆ ಹಾಕಿಕೊಂಡ. ಕಿರುಚಿತ್ರದ ಹುಚ್ಚು ಅವನಿಗೆ ಮೊದಲಿನಿಂದಲೂ ಇತ್ತು; ಯಾರೋ ಬಳಸಿ ಬಿಟ್ಟ ಕ್ಯಾಮೆರಾವೂ ಇತ್ತು. ಆಪರೇಷನ್ನಿಗೆ ಎರಡು ದಿನ ಮುಂಚೆ ಹೆಂಡತಿಯನ್ನು ಈ ಅಂಗಡಿಯಲ್ಲೇ ಕೂರಿಸಿ, ಪೂರ್ತಿ ಕತೆ ಹೇಳಿಸಿ ಚಿತ್ರೀಕರಿಸಿದ. ಕೂಸು ಮೊದಲ ಸಲ ಅಜ್ಜಿಯ ಮನೆಗೆ ಬರುವ ದಿನ ಎಲ್ಲರಿಗೂ ತೋರಿಸುವುದೆಂದು ಗೊತ್ತಾಗಿತ್ತು.

"ಯಾವತ್ತು?"

"ಇವತ್ತು. ಸಂಜೆ ನಾಲ್ಕಕ್ಕೆ."

"ಬೇರೆ ಕಾಪಿ?"

"ನಮ್ಮಲ್ಲಿ ಕಂಪ್ಯೂಟರ್ ಇಲ್ಲ ಮೇಡಂ," ದರ್ಜಿ ಹೇಳಿದ. "ಕ್ಯಾಮೆರಾದಿಂದಲೇ ಟಿವಿಗೆ ವೈರು ಹಾಕೋಣ ಅಂತಿದ್ದೆ."

"ಶೂಟಿಂಗ್ ಆದ ಮೇಲೆ ನೀವೂ ನೋಡಿಲ್ವಾ?"

"ಎಲ್ಲಿ ನೋಡಲಿ? ಮಾರನೇ ದಿನದಿಂದಲೇ ಆಸ್ಪತ್ರೆ ವಾಸ. ಮೈಕು ಸುತ್ತಿ ಚೀಲಕ್ಕೆ ಹಾಕಿದೆ. ಆಮೇಲೆ ಮುಟ್ಟೇ ಇಲ್ಲ. ನಿನ್ನೆ ಸಂಜೆ ಕ್ಯಾಮೆರಾ ಮಾತ್ರ ಟ್ರೈಪಾಡಿಗೆ ಏರಿಸಿದೆ. ಕತೆಗೆ ಮುಂಚೆ ಕೂಸಿನ ಮುಖ ತೆಗೆಯೋಣ ಅಂತ."

ಇನ್‌ಸ್ಪೆಕ್ಟರಮ್ಮ ಟ್ರೈಪಾಡಿನ ತಲೆಯನ್ನು ನೋಡಿದಳು. ಅಂಗೈಗಿಂತ ಚಿಕ್ಕದೊಂದು ಚೌಕ ತಟ್ಟೆ ಅದರಲ್ಲಿ ಕೂತಿತ್ತು.

"ಇದು?"

"ಪ್ಲೇಟು ಮೇಡಂ. ಇದನ್ನ ಕ್ಯಾಮೆರಾದ ಅಡಿಗೆ ಸ್ಕ್ರೂ ಹಾಕಿ ಬಿಗಿಯೋದು. ಆಮೇಲೆ ಇಲ್ಲಿ ಕೂರಿಸೋದು."

ಅವಳು ಪಕ್ಕದ ಹಿಡಿ ಎಳೆದಳು. ಟಕ್ಕೆಂದು ಪ್ಲೇಟು ಕೈಗೆ ಬಂತು. ಮತ್ತೆ ಒತ್ತಿದಳು. ಟಕ್ಕೆಂದು ಕೂತಿತು.

"ಮೇಡಂ, ನಿಮ್ಮ ಶರ್ಟೂ ಕಳ್ಳ ಹೊತ್ತುಕೊಂಡು ಹೋದ್ನಾ ನೋಡಿ," ಎಂದ ದಫೇದಾರ.

ಅವಳು ಹೊಲಿಯಲು ಕೊಟ್ಟಿದ್ದ ಖಾಕಿ ಶರ್ಟು ಗೂಟದಲ್ಲೇ ಇತ್ತು. "ಒಂದು ಬಟನ್ ಬಾಕಿ, ಈಗಲೇ ಹಾಕಿಬಿಡ್ತೀನಿ," ಎಂದು ದರ್ಜಿ ಬಟನ್ ಡಬ್ಬಿಗೆ ಕೈ ಹಾಕಿದ. ಅವಸರಕ್ಕೆ ಡಬ್ಬಿ ಮಗುಚಿತು. ನೆಲದ ತುಂಬ ಬಟನ್ನುಗಳು ಉರುಳಿದವು. ಇನ್‌ಸ್ಪೆಕ್ಟರಮ್ಮ ಕುಕ್ಕರಗಾಲಲ್ಲಿ ಕೂತು ಆರಿಸಿಕೊಟ್ಟಳು. ಬಿಳಿ, ಕಪ್ಪು, ಎರಡು ತೂತಿನವು, ನಾಲ್ಕು ತೂತಿನವು. ಒಂದು ಮಾತ್ರ ಹೊಳೆಯುತ್ತಿತ್ತು. ಅದಕ್ಕೆ ತೂತೇ ಇರಲಿಲ್ಲ.

ಅದನ್ನು ಅವಳು ಜೇಬಿಗೆ ಹಾಕಿಕೊಂಡಳು.

* * *

ಹತ್ತು ಗಂಟೆಯ ಹೊತ್ತಿಗೆ ಒಬ್ಬ ಸಿಕ್ಕಿಬಿದ್ದ. ದರ್ಜಿಯ ಭಾವಮೈದ, ಹೆಂಡತಿಯ ತಮ್ಮ. ಬಸ್ಸು ಓಡಿಸುವವನು. ನಿನ್ನೆ ಸಂಜೆ ಅವನು ಅರ್ಧ ಗಂಟೆ ಅಂಗಡಿಯ ಎದುರು ನಿಂತಿದ್ದನ್ನು ಆಚೆ ಬದಿಯ ಇಸ್ತ್ರಿಯವನು ಕಂಡಿದ್ದ. ಶೂಟಿಂಗ್ ದಿನ ಇದೇ ಮನುಷ್ಯ ಬೀದಿಗೆಲ್ಲ ಕೇಳುವಂತೆ ಕೂಗಾಡಿದ್ದನ್ನೂ ಹೇಳಿದ್ದ.

"ಏನಂತ ಕೂಗಾಡಿದೆ?" ಸ್ಟೇಷನ್ನಿನಲ್ಲಿ ಇನ್‌ಸ್ಪೆಕ್ಟರಮ್ಮ ಕೇಳಿದಳು.

"ಅಕ್ಕ ಸಾಯೋ ಸ್ಥಿತೀಲಿದ್ದಾಳೆ, ಈ ಭಾವನಿಗೆ ಸಿನಿಮಾ ಬೇಕಾ ಅಂದೆ. ಆ ಡಬ್ಬಾನ ಒಡೆದು ಹಾಕ್ತೀನಿ ಅಂದೆ."

"ಒಡೆದ್ಯಾ?"

"ಇಲ್ಲ."

"ನಿನ್ನೆ ಯಾಕೆ ಹೋಗಿದ್ದೆ?"

ಅವನು ಮೇಜಿನ ಅಂಚು ಹಿಡಿದು ನೆಲ ನೋಡಿದ.

"ಬಾಯಲ್ಲಿ ಕಡುಬು ಇಟ್ಕೊಂಡಿದ್ಯೇನಯ್ಯಾ?" ದಫೇದಾರ ಮೇಜು ಗುದ್ದಿದ. "ಸೆಲ್ಲಿಗೆ ಹಾಕಿದ್ರೆ ತಾನಾಗೇ ಬಿಡ್ತೀಯ!"

ದೊಡ್ಡ ಆಳು. ಸ್ಟೀರಿಂಗ್ ಹಿಡಿದು ಗಟ್ಟಿಯಾದ ಕೈಗಳು. ಆ ಕೈಗಳಲ್ಲಿ ಮುಖ ಮುಚ್ಚಿಕೊಂಡ.

"ನಾಲ್ಕು ಜನರ ಮುಂದೆ ಕೇಳಿದ್ರೆ ಅತ್ತುಬಿಡ್ತೀನಿ ಅಂತ ಭಯ. ಮೊದಲೇ ಒಬ್ಬನಿಗೇ ಒಂದ್ಸಲ ಕೇಳಿಸಿ ಭಾವ ಅನ್ನೋಣ ಅಂತ ಹೋದೆ. ಅಕ್ಕ ನನ್ನನ್ನ ಕೂಗಿ ಒಂದೂವರೆ ತಿಂಗಳಾಯ್ತು ಮೇಡಂ. ಆದ್ರೆ ಬೈದವನು ಯಾವ ಮುಖ ಇಟ್ಕೊಂಡು ಒಳಗೆ ಹೋಗಲಿ? ಹಾಗೇ ವಾಪಸ್ ಬಂದೆ."

ದಫೇದಾರ ಕಿಟಕಿಯ ಕಡೆ ತಿರುಗಿದ. ಹೊರಗೆ ಬಂದ ಮೇಲೆ, "ನಟನೆ ಇರಬಹುದಾ ಮೇಡಂ?" ಎಂದು ಮೆಲ್ಲಗೆ ಕೇಳಿದ.

"ಇರಬಹುದು. ಗೊತ್ತಾಗೋವರೆಗೆ ಅವರಿಗೆ ಟೀ ಕೊಡಿ."

* * *

ಕ್ಯಾಮೆರಾದ ಹಳೆ ಸಾಮಾನು ಮಾರುವವನನ್ನು ಎಲ್ಲರೂ ಟ್ರೈಪಾಡಣ್ಣ ಎನ್ನುತ್ತಿದ್ದರು. ಕಡ್ಡಿಯಂಥ ಎರಡು ಕಾಲು, ಜೊತೆಗೊಂದು ಊರುಗೋಲು. ಗೋಡೆಯ ತುಂಬ ಇತರರು ಬೇಸತ್ತು ಕೊಟ್ಟ ಲೆನ್ಸು, ಲೈಟು, ಬೆಲ್ಟುಗಳು.

"ನನ್ನ ಮೇಲೂ ಅನುಮಾನನಾ ತಾಯಿ? ಓಡಿಹೋಗೋಣ ಅಂದ್ರೆ ಕೋಲು ಹುಡುಕೋಕೇ ಹತ್ತು ನಿಮಿಷ ಬೇಕು."

"ಒಂದು ವಿಷಯ ಹೇಳಿ. ಟ್ರೈಪಾಡಿನ ಮೇಲಿರೋ ಕ್ಯಾಮೆರಾನ ಅವಸರದಲ್ಲಿ ಹೇಗೆ ಎತ್ತುತ್ತೀರಿ?"

"ಹಿಡಿ ಎಳೆದು ಟಕ್ ಅಂತ. ಪ್ಲೇಟಿನ ಸಮೇತ ಬರುತ್ತೆ."

"ಪ್ಲೇಟ್ ಬಿಟ್ಟು ಕ್ಯಾಮೆರಾ ಮಾತ್ರ?"

"ಸ್ಕ್ರೂ ತಿರುಪ್ತಾ ಕೂತ್ಕೋಬೇಕು. ಕಳ್ಳನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರುತ್ತೆ? ಆದ್ರೆ ಆ ಪ್ಲೇಟು ಕಳೆದ್ರೆ ಟ್ರೈಪಾಡೂ ಮೂಲೆಗೆ. ಒಂದರ ಪ್ಲೇಟು ಇನ್ನೊಂದಕ್ಕೆ ಕೂರಲ್ಲ. ದರ್ಜಿ ಹತ್ರ ಇರೋ ಮಾಡೆಲ್ಲಂತೂ ಈಗ ಬರ್ತಾನೇ ಇಲ್ಲ."

ಇನ್‌ಸ್ಪೆಕ್ಟರಮ್ಮ ಜೇಬಿನಿಂದ ಹೊಳೆಯುವ ಬಿಲ್ಲೆ ತೆಗೆದು ಗಾಜಿನ ಮೇಲಿಟ್ಟಳು.

"ಅಯ್ಯೋ, ಇದು ಕಾಲರ್ ಮೈಕಿನ ಸೆಲ್ಲು. ದರ್ಜಿಗೆ ನಾನೇ ಕೊಟ್ಟಿದ್ದೆ. ಇನ್ನೊಂದು ಇಟ್ಕೊಳಯ್ಯಾ ಅಂದ್ರೆ ಕೇಳ್ಲಿಲ್ಲ. ಮಧ್ಯೆ ಮಧ್ಯೆ ಸ್ವಿಚ್ ಆಫ್ ಮಾಡಿ ಉಳಿಸ್ತೀನಿ ಅಂದ. ಎಂಜಲು ಕೈಯಲ್ಲಿ ಕಾಗೆ ಓಡಿಸಲ್ಲ ಅವನು."

"ಇದು ಮುಗಿದಿದೆಯಾ ನೋಡಿ."

ಅವನು ಇನ್ನೊಂದು ಮೈಕಿಗೆ ಹಾಕಿ ಮಾತಾಡಿದ. ಸದ್ದು ಅಳೆಯುವ ಮೀಟರಿನ ಮುಳ್ಳು ಎದ್ದು ಕುಣಿಯಿತು. "ಹೊಸದರ ಹಾಗಿದೆ."

"ಶೂಟಿಂಗ್ ಆದ ಮೇಲೆ ದರ್ಜಿ ಇಲ್ಲಿಗೆ ಬಂದಿದ್ರಾ?"

"ಬಂದಿದ್ದ. ಹೆಂಡತಿ ಆಪರೇಷನ್ ಆಗಿ ನಾಲ್ಕನೇ ದಿನವೋ ಐದನೇ ದಿನವೋ. ಆಗ ತಗೊಂಡ ನೋಡಿ ಹೆಡ್‌ಫೋನು! ಶೂಟಿಂಗ್ ಮುಂಚೆ ತಗೋ, ಕೇಳ್ತಾ ಕೇಳ್ತಾ ರೆಕಾರ್ಡ್ ಮಾಡು ಅಂತ ಬಡಕೊಂಡಿದ್ದೆ. ಮದುವೆ ಮುಗಿದ ಮೇಲೆ ವಾಲಗದವನು ಬಂದ ಹಾಗೆ ಬಂದ." ಟ್ರೈಪಾಡಣ್ಣ ತಲೆ ಕೆರೆದುಕೊಂಡ. "ಮುಖವೇ ಸರಿ ಇರಲಿಲ್ಲ. ಏನೋ ಕೇಳಿದ. ಸದ್ದೇ ಬೀಳದ ವಿಡಿಯೋದಿಂದ ಸದ್ದು ತೆಗೆಯೋಕೆ ಆಗುತ್ತಾ ಅಂತ. ಬಾವಿಯಲ್ಲಿ ನೀರೇ ಇಲ್ಲದಿದ್ರೆ ಹಗ್ಗ ಎಷ್ಟು ಉದ್ದ ಇದ್ದರೇನು ಅಂದೆ. ನಕ್ಕು ಹೋಗ್ತಾನೆ ಅಂದ್ಕೊಂಡೆ. ನಗಲಿಲ್ಲ."

ಇನ್‌ಸ್ಪೆಕ್ಟರಮ್ಮ ಸೆಲ್ಲನ್ನು ಮತ್ತೆ ಜೇಬಿಗೆ ಹಾಕಿಕೊಂಡಳು. ಅವಳ ಮುಖವೂ ಸರಿ ಇರಲಿಲ್ಲ.

* * *

ಮೂರೂವರೆಗೆ ಅವಳು ಅಂಗಡಿಯ ಹಿಂದಿನ ಮನೆಗೆ ಬಂದಳು. ಜೊತೆಗೆ ದಫೇದಾರ, ಭಾವಮೈದ. ದರ್ಜಿಯ ಹೆಂಡತಿ ಕುರ್ಚಿಯಲ್ಲಿ ಕೂತಿದ್ದಳು. ಕತ್ತಿನ ಸುತ್ತ ಮೆತ್ತನೆಯ ಬಿಳಿ ಬಟ್ಟೆ, ತೊಡೆಯ ಮೇಲೆ ಸ್ಲೇಟು. ತಮ್ಮನನ್ನು ಪೊಲೀಸರ ಜೊತೆ ಕಂಡು ಎದ್ದು ನಿಂತಳು. ಬಾಯಿ ತೆರೆಯಿತು. ಉಸಿರು ಮಾತ್ರ ಕತ್ತಿನ ತೂತಿನಿಂದ ಹೊರಟು ಬಟ್ಟೆಯನ್ನು ಅಲುಗಿಸಿತು.

"ದರ್ಜಿಯವರೇ, ನಿಮ್ಮ ಭಾವಮೈದನ ಮೇಲೆ ಕೇಸು ಹಾಕ್ತಿದ್ದೀನಿ. ನಿಮ್ಮದು ಒಂದು ಸಹಿ ಬೇಕು."

ದರ್ಜಿ ಕಾಗದ ನೋಡಿದ. ಪೆನ್ನು ನೋಡಿದ. ಭಾವಮೈದನ ಮುಖ ಮಾತ್ರ ನೋಡಲಿಲ್ಲ. ಪೆನ್ನು ತೆಗೆದುಕೊಂಡ, ಕೆಳಗಿಟ್ಟ.

"ಅವನಲ್ಲ ಮೇಡಂ."

"ಗೊತ್ತು. ನೀವೇ ಹೇಳ್ತೀರಾ, ನಾನು ಹೇಳಲಾ?"

ಅವನು ಕಾಗದವನ್ನು ಅವಳ ಕಡೆಗೇ ಸರಿಸಿದ. ಅವಳೇ ಹೇಳಿದಳು, ಆದಷ್ಟು ಮೆಲ್ಲಗೆ.

"ಕಳ್ಳ ಕ್ಯಾಮೆರಾನ ಪ್ಲೇಟಿನ ಸಮೇತ ಎತ್ತಿಕೊಂಡು ಓಡ್ತಾನೆ. ಇಲ್ಲಿ ಯಾರೋ ಸ್ಕ್ರೂ ಬಿಚ್ಚಿ, ಪ್ಲೇಟನ್ನ ಮತ್ತೆ ಟ್ರೈಪಾಡಿಗೇ ಕೂರಿಸಿದ್ದಾರೆ. ಆ ಟ್ರೈಪಾಡ್ ಹಾಳಾಗಬಾರದು ಅನ್ನೋ ಕಾಳಜಿ ಒಬ್ಬರಿಗೇ ಇರೋದು. ಎರಡನೇದು, ಮೈಕು ಮುಟ್ಟೇ ಇಲ್ಲ ಅಂದ್ರಿ. ಅದರ ಸೆಲ್ಲು ನಿಮ್ಮ ಬಟನ್ ಡಬ್ಬಿಯಲ್ಲಿತ್ತು. ನಿಮ್ಮಲ್ಲಿದ್ದದ್ದು ಒಂದೇ ಸೆಲ್ಲು. ಅಂದ್ರೆ ಶೂಟಿಂಗ್ ಆದ ಮೇಲೆ ಮೈಕು ಬಿಚ್ಚಿದ್ದೀರಿ. ಮೂರನೇದು, ಎಲ್ಲ ಮುಗಿದ ಮೇಲೆ ಹೆಡ್‌ಫೋನ್ ತಗೊಂಡ್ರಿ. ಕೇಳೋಕೆ ಹೋದ್ರಿ, ಏನೂ ಕೇಳಲಿಲ್ಲ. ಸೆಲ್ಲು ಮುಗಿದಿತ್ತೇನೋ ಅಂತ ತೆಗೆದು ನೋಡಿದ್ರಿ. ಸೆಲ್ಲು ಚೆನ್ನಾಗೇ ಇತ್ತು."

ಕೋಣೆಯಲ್ಲಿ ಕೂಸು ಬೆರಳು ಚೀಪುವ ಸದ್ದು ಕೇಳುತ್ತಿತ್ತು.

"ಮೈಕು ಸಿಕ್ಕಿಸಿದ ಮೇಲೆ ನೀರು ಕುಡೀತೀನಿ ಅಂದ್ಲು," ದರ್ಜಿ ನೆಲಕ್ಕೆ ಹೇಳಿದ. "ಆ ಹೊತ್ತಲ್ಲಿ ಸೆಲ್ಲು ಯಾಕೆ ಸುಡಬೇಕು ಅಂತ ಸ್ವಿಚ್ ಆಫ್ ಮಾಡಿದೆ. ಕತೆ ಶುರು ಮಾಡೋ ಮುಂಚೆ ಆನ್ ಮಾಡೋದು ಮರೆತೆ. ಮೈಕಿನ ವೈರು ಚುಚ್ಚಿದ್ರೆ ಕ್ಯಾಮೆರಾದ ಸ್ವಂತ ಮೈಕು ಬಂದ್ ಆಗುತ್ತೆ, ಹಾಗಾಗಿ ಅದೂ ಕೇಳಿಸಿಕೊಳ್ಳಲಿಲ್ಲ. ಕಾಲರಿನಲ್ಲಿ ಅಷ್ಟು ಚೆನ್ನಾಗಿ ಕಾಣ್ತಿತ್ತು ಮೈಕು. ಅದು ಕಿವುಡಾಗಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಗೊತ್ತಾದಾಗ ಅವಳ ಗಂಟಲು ಕೊಯ್ದಾಗಿತ್ತು." ಅವನು ಮುಖ ಎತ್ತಿದ. "ಒಂದು ಸೆಲ್ಲು ಉಳಿಸೋಕೆ ಹೋಗಿ ನಿನ್ನ ದನಿ ಕಳೆದೆ ಕಣೇ. ಕಳ್ಳ ಕದ್ದ ಅಂದ್ರೆ ಕಳ್ಳನನ್ನ ಬೈತೀಯ. ನನ್ನ ಕೈಯಿಂದಲೇ ಹೋಯ್ತು ಅಂತ ಹೇಗೆ ಹೇಳಲಿ?"

ಭಾವಮೈದ ಮುಷ್ಟಿ ಬಿಗಿದ. ಆಮೇಲೆ ಸಡಿಲಿಸಿದ. "ಕ್ಯಾಮೆರಾ ಎಲ್ಲಿ ಭಾವ?"

"ಯಾರೂ ಒಯ್ಯದೆ ಬಿಟ್ಟ ಬಟ್ಟೆಗಳ ಮೂಟೆಯಲ್ಲಿ. ತಳದಲ್ಲಿ."

ಹೆಂಡತಿ ಸ್ಲೇಟು ಎತ್ತಿಕೊಂಡಳು. ಬಳಪ ಕಿರ್ರೆಂದಿತು. ಎಲ್ಲರೂ ಅತ್ತ ಬಾಗಿದರು.

*ಮುಖ ಬಂದಿದ್ಯಾ?*

"ಬಂದಿದೆ," ದರ್ಜಿ ಹೇಳಿದ. "ತುಂಬ ಚೆನ್ನಾಗಿ ಬಂದಿದೆ."

ಅವಳು ಅಂಗೈಯಿಂದ ಒರೆಸಿ ಮತ್ತೆ ಬರೆದಳು. *ಹಾಕಿ.*

* * *

ಬಾಗಿಲ ಬಳಿ ದಫೇದಾರ ಪುಸ್ತಕ ತೆರೆದ. "ಏನಂತ ಬರೆಯಲಿ ಮೇಡಂ?"

"ಕಳವಾಗಿಲ್ಲ ಅಂತ."

"ಕಳೆದದ್ದು ಸಿಗಲಿಲ್ವಲ್ಲ."

"ಅದು ನಮ್ಮ ಸ್ಟೇಷನ್ ವ್ಯಾಪ್ತಿಗೆ ಬರಲ್ಲ."

ಇಬ್ಬರೂ ಹೋಗಬೇಕಿತ್ತು. ಹೋಗಲಿಲ್ಲ. ಒಳಗೆ ಟಿವಿ ಬೆಳಗಿತು.

ಪರದೆಯ ಮೇಲೆ ದರ್ಜಿಯ ಹೆಂಡತಿ ಕೂತಿದ್ದಳು, ಕತ್ತಿಗೆ ಬಟ್ಟೆಯಿಲ್ಲದೆ. ಬೆಳ್ಳಿ ಹಾಳೆಯ ಬೆಳಕು ಕೆನ್ನೆಯ ಮೇಲೆ ಮೆತ್ತಗೆ ಬಿದ್ದಿತ್ತು. ತುಟಿಗಳು ಅಲುಗಿದವು. ಹುಬ್ಬು ಏರಿತು. ಸದ್ದಿಲ್ಲ.

ಒಂದು ನಿಮಿಷ ಹಾಗೇ ಹೋಯಿತು. ದರ್ಜಿ ಟಿವಿ ಆರಿಸಲು ಎದ್ದ. ಮಗಳು ಅವನ ಕೈ ಹಿಡಿದು ಕೂರಿಸಿದಳು. ಕೂಸನ್ನು ಅಮ್ಮನ ಮಡಿಲಿಗೆ ಹಾಕಿ, ಚಿತ್ರವನ್ನು ಮತ್ತೆ ಮೊದಲಿನಿಂದ ಹಾಕಿ, ಪಕ್ಕದಲ್ಲಿ ಕೂತಳು. ಪರದೆಯ ತುಟಿಗಳನ್ನೇ ನೋಡುತ್ತ ಶುರುಮಾಡಿದಳು.

"ಒಂದು ಗುಬ್ಬಿ ಇತ್ತಂತೆ. ಒಂದಿನ ಗಾಳಿಗೆ ಸಿಕ್ಕಿ ಮೋಡದ ಅಂಗಿ ಹರಿದುಹೋಯ್ತಂತೆ. ಗುಬ್ಬಿ ಮುಳ್ಳಿನ ಹತ್ರ ಸೂಜಿ ಕೇಳ್ತು, ಜೇಡದ ಹತ್ರ ದಾರ ಕೇಳ್ತು..."

ಮಾತು ತುಟಿಗೆ ಕೂಡಿಕೊಂಡಿತು. ಒಮ್ಮೆ ಹಿಂದೆ ಬಿತ್ತು, ಒಮ್ಮೆ ಮುಂದೆ ಓಡಿತು. ಅಮ್ಮ ಕೂಸಿನ ಬೆನ್ನು ತಟ್ಟುತ್ತ ವೇಗ ತೋರಿಸಿದಳು. ಗುಬ್ಬಿ ಹೊಲಿಯಿತು, ಬಿಸಿಲಲ್ಲಿ ಹೊಲಿಯಿತು, ಚಳಿಯಲ್ಲಿ ಹೊಲಿಯಿತು. ಅಂಗಿ ಸಿದ್ಧವಾಯಿತು. ಅಲ್ಲಿಗೆ ಮಗಳ ಕತೆ ನಿಂತುಬಿಟ್ಟಿತು. ಚಿಕ್ಕವಳಿದ್ದಾಗ ಪ್ರತಿ ಸಲವೂ ಈ ಜಾಗದಲ್ಲೇ ಅವಳಿಗೆ ನಿದ್ದೆ ಬಂದುಬಿಡುತ್ತಿತ್ತು.

ಪರದೆಯ ತುಟಿಗಳು ಅಲುಗುತ್ತಲೇ ಇದ್ದವು.

"ಹೊಲಿಗೆಗೆ ಏನು ಕೊಡಲಿ ಅಂತ ಮೋಡ ಕೇಳ್ತು," ಬಾಗಿಲ ಬಳಿಯಿಂದ ದಪ್ಪ ದನಿಯೊಂದು ಹೇಳಿತು. ಭಾವಮೈದ. ಅಕ್ಕನಿಗೆ ಹೇಳಿದ ಅದೇ ತಾಯಿಯ ಬಾಯಿಂದ ಅವನೂ ಕೇಳಿದ್ದ ಕತೆ. ಅವನು ಅಳುತ್ತಲೇ ಹೇಳಿದ, ನಾಲ್ಕು ಜನರ ಮುಂದೆ. "ಗುಬ್ಬಿ ಅಂತು, ಏನೂ ಬೇಡಪ್ಪ. ನಾನು ಕೂಗಿದಾಗ ಓ ಅಂದುಬಿಡು, ಸಾಕು. ಮೋಡ ಓ ಅಂತು. ಇವತ್ತಿಗೂ ಗುಡುಗೋದು ಅದೇ ಅಂತೆ. ಅಲ್ಲಿಗೆ ಗುಬ್ಬಿ ಗೂಡಿಗೆ, ನಾವು ಹಾಸಿಗೆಗೆ."

ಪರದೆಯ ಮೇಲೆ ತುಟಿಗಳು ಕೂಡಿಕೊಂಡವು. ಅವಳು ಕ್ಯಾಮೆರಾದ ಆಚೆ ಇದ್ದವನನ್ನು ನೋಡಿ, ಸರಿ ಬಂತಾ ಎಂಬಂತೆ ತಲೆ ಆಡಿಸಿದಳು. ಚಿತ್ರ ನಿಂತಿತು.

ಕುರ್ಚಿಯಲ್ಲಿದ್ದವಳು ಮಡಿಲು ನೋಡಿಕೊಂಡಳು. ಕೂಸು ಕಣ್ಣು ತೆರೆದೇ ಇತ್ತು. ಅದು ಕೊನೆಯವರೆಗೂ ಕೇಳಿತ್ತು.