ಕುಣಿಗಲ್ ಕುದುರೆ ಸೈನ್ಯ

“ನಿನ್ನ ರಬ್ಬರ್ ಕೊಡು ಇಲ್ಲಿ,” ಎಂದ ಅಪ್ಪ, ತಲೆ ಎತ್ತದೆ.

“ಅಳಿಸೋ ರಬ್ಬರಾ?”

“ಹೂಂ ಕಣಮ್ಮ, ಅದೇ.”

ನಡುಮನೆಯಲ್ಲಿ ಒಂದು ಹಳೇ ಕಂಪ್ಯೂಟರ್ ಡಬ್ಬ ಬಾಯಿ ತೆರೆದುಕೊಂಡು ಮಲಗಿತ್ತು. ಅಟ್ಟ ಗುಡಿಸುವಾಗ ಸಿಕ್ಕಿದ್ದು ಅದು. ಒಳಗೆಲ್ಲ ಧೂಳು, ಜೇಡರ ಬಲೆ, ಒಂದು ಒಣಗಿದ ಜಿರಲೆ. ಅಪ್ಪ ಅದರೊಳಗಿಂದ ಬಾಚಣಿಗೆಯಷ್ಟು ಉದ್ದದ ಹಸಿರು ಪಟ್ಟಿಯೊಂದನ್ನು ಕಿತ್ತು ಕೈಯಲ್ಲಿ ಹಿಡಿದಿದ್ದ. ಅದರ ಅಂಚಿನಲ್ಲಿ ಚಿನ್ನದ ಬಣ್ಣದ ಸಣ್ಣ ಸಣ್ಣ ಹಲ್ಲುಗಳಿದ್ದವು.

“ಈ ಹಲ್ಲಿಗೆ ಕೊಳೆ ಹಿಡಿದ್ರೆ ಕಂಪ್ಯೂಟರ್ ಏಳಲ್ಲ. ಹಲ್ಲುಜ್ಜಬೇಕು,” ಎಂದ ಅಪ್ಪ.

ಮಧುಶ್ರೀಯ ಅಪ್ಪ ಮಲ್ಲಿಕಾರ್ಜುನನಿಗೆ ಗುಬ್ಬಿಯ ತಾಲ್ಲೂಕು ಆಫೀಸಿನ ಹತ್ತಿರ ಜೆರಾಕ್ಸ್ ಅಂಗಡಿ ಇತ್ತು. ಮುನಿಸಿಕೊಂಡ ಮೆಷಿನ್‌ಗಳನ್ನು ರಮಿಸುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ರಬ್ಬರ್ ಕೊಟ್ಟಳು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

“ಇದೇನೇ, ಅರ್ಧ ಇದೆ? ಇನ್ನರ್ಧ ಎಲ್ಲಿ?”

ಮಧುಶ್ರೀ ಕೇಳಿಸದವಳಂತೆ ಜಿರಲೆಯನ್ನು ನೋಡುತ್ತ ಕೂತಳು.

ಇನ್ನರ್ಧ ಕಾವ್ಯಳ ಪೆನ್ಸಿಲ್ ಬಾಕ್ಸಿನಲ್ಲಿತ್ತು. ಒಂದೇ ರಬ್ಬರನ್ನು ಬ್ಲೇಡಿನಿಂದ ಕತ್ತರಿಸಿ ಇಬ್ಬರೂ ಹಂಚಿಕೊಂಡಿದ್ದರು. ಅದು ಇಬ್ಬರೂ ಮೂರನೇ ಬೆಂಚಿನಲ್ಲಿ ಒಟ್ಟಿಗೆ ಕೂರುತ್ತಿದ್ದಾಗ. ಈ ಸೋಮವಾರ ಬೆಳಿಗ್ಗೆ ಕಾವ್ಯ ಸೀದಾ ಹೋಗಿ ಮೊದಲನೇ ಬೆಂಚಿನಲ್ಲಿ ಕೂತುಬಿಟ್ಟಿದ್ದಳು. ಯಾಕೆ ಅಂತ ಹೇಳಲಿಲ್ಲ. ಮಧುಶ್ರೀ ಕೇಳಲೂ ಇಲ್ಲ. ಪಕ್ಕದ ಜಾಗದಲ್ಲಿ ಬೇರೆ ತನ್ನ ಬ್ಯಾಗ್ ಇಟ್ಟುಕೊಂಡಿದ್ದಳು ಕಾವ್ಯ. ಯಾರೂ ಹತ್ತಿರ ಬರಬಾರದು ಅಂತ ಇರಬೇಕು.

ಸರಿ, ಮಧುಶ್ರೀಯೂ ತನ್ನ ಪಕ್ಕದ ಜಾಗದಲ್ಲಿ ಬ್ಯಾಗ್ ಇಟ್ಟಳು. ಕಾವ್ಯ ಹಿಂದೆ ತಿರುಗಿದಾಗೆಲ್ಲ ಪುಸ್ತಕದೊಳಗೆ ಮುಖ ಹುದುಗಿಸಿದಳು. ದಿನಾ ಇಬ್ಬರೂ ಸೇರುತ್ತಿದ್ದದ್ದು ಕದರಯ್ಯನವರ ಹಿಟ್ಟಿನ ಗಿರಣಿ ಮುಂದೆ. ಮಂಗಳವಾರದಿಂದ ಅವಳು ಆ ದಾರಿಯನ್ನೇ ಬಿಟ್ಟು, ಬಸ್ ಸ್ಟ್ಯಾಂಡ್ ಕಡೆಯಿಂದ ಸುತ್ತಿಕೊಂಡು ಸ್ಕೂಲಿಗೆ ಹೋಗತೊಡಗಿದಳು. ಇವತ್ತು ಗುರುವಾರ. ಕಾಲು ನೋಯುತ್ತಿತ್ತು.

“ಎದ್ದ ನೋಡು!” ಎಂದ ಅಪ್ಪ.

ಡಬ್ಬ ಗೊರ್ ಎಂದಿತು. ಅಂಗಡಿಯಿಂದ ತಂದಿದ್ದ ಮಾನಿಟರಿನ ಮೇಲೆ ಬೆಳಕು ಬಂತು. ಅಡುಗೆಮನೆಯಿಂದ ಅಜ್ಜಿ ತಿಪ್ಪಮ್ಮ ಇಣುಕಿದಳು.

“ಗುಜರಿಯವನು ಬೀದೀಲಿ ಕೂಗ್ತಾವ್ನೆ. ಕೊಟ್ಟುಬುಡ್ಲಾ ಅದನ್ನ?”

“ಅವ್ವಾ, ಇದರೊಳಗೆ ನನ್ನ ಕೋಟೆ ಐತೆ ಕಣವ್ವ.”

“ಕೋಟೆನಂತೆ. ಮನೆ ಸೂರು ಸೋರ್ತದೆ, ಇವನಿಗೆ ಕೋಟೆ,” ಎನ್ನುತ್ತ ಅಜ್ಜಿ ಒಳಗೆ ಹೋದಳು.

ಮಧುಶ್ರೀಯ ಕಿವಿ ನೆಟ್ಟಗಾಯಿತು. “ಯಾವ ಕೋಟೆ ಅಪ್ಪ?”

ಅಪ್ಪ ತುಮಕೂರಿನಲ್ಲಿ ಡಿಪ್ಲೊಮಾ ಓದುವಾಗ ಚನ್ನೇಶ್ ಅಂತ ಒಬ್ಬ ಫ್ರೆಂಡ್ ಇದ್ದರಂತೆ. ಕುಣಿಗಲ್ಲಿನವರು. ಇಬ್ಬರಿಗೂ ಒಂದೇ ರೂಮು. ಎರಡು ಕಂಪ್ಯೂಟರಿಗೆ ನಡುವೆ ಒಂದು ನೀಲಿ ವೈರು. ಆ ವೈರಿನ ಮೂಲಕ ಒಬ್ಬರ ಮೇಲೊಬ್ಬರು ಆಡುವ ಗೇಮ್ ಅದು. ಮೊದಲು ಮರ ಕಡಿಯಬೇಕು, ಕಲ್ಲು ಒಡೆಯಬೇಕು, ಹೊಲ ಉಳಬೇಕು. ಆಮೇಲೆ ಊರು ಕಟ್ಟಬೇಕು, ಕೋಟೆ ಕಟ್ಟಬೇಕು, ಸೈನ್ಯ ಕಟ್ಟಬೇಕು.

“ನಾನು ಯೋಚನೆ ಮಾಡ್ತಾ ಕೂತ್ರೆ ಅವನು ಕಾಯಲ್ಲ. ಒಂದೇ ಸಲಕ್ಕೆ ಇಬ್ರೂ ಆಡ್ತಿರಬೇಕು. ಟೀ ಕುಡಿಯೋಕೂ ಪುರುಸೊತ್ತಿರ್ತಿರಲಿಲ್ಲ,” ಎಂದ ಅಪ್ಪ. ಅವನ ಕಣ್ಣು ಈಗಲೇ ಆಡುತ್ತಿರುವಂತೆ ಹೊಳೆಯುತ್ತಿತ್ತು.

ಕೊನೆಯ ಆಟ ಮುಗಿದಿರಲಿಲ್ಲವಂತೆ. ಪರೀಕ್ಷೆ ಮುಗಿದ ದಿನ ತಾತ ಸಾಮಾನು ಸಾಗಿಸಲು ಟೆಂಪೋ ತಂದುಬಿಟ್ಟರಂತೆ. ನಾಳೆ ಮುಗಿಸೋಣ ಅಂತ ಸೇವ್ ಮಾಡಿಟ್ಟರಂತೆ. ಅಪ್ಪ ಮೌಸ್ ಆಡಿಸಿ ತೋರಿಸಿದ. ಆ ಫೈಲಿನ ಹೆಸರೇ ‘ನಾಳೆ’.

“ಎಷ್ಟು ವರ್ಷ ಆಯ್ತು?”

“ಹತ್ತೊಂಬತ್ತು.”

“ಅಷ್ಟು ದೊಡ್ಡ ನಾಳೆನಾ?” ಮಧುಶ್ರೀ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. “ಓಪನ್ ಮಾಡಪ್ಪ, ಯಾರು ಗೆಲ್ತಾರೆ ನೋಡೋಣ.”

ಆದರೆ ಅದು ಓಪನ್ ಆಗಲಿಲ್ಲ. ಇಬ್ಬರೂ ಆಟಗಾರರು ತಮ್ಮ ತಮ್ಮ ಪಾಸ್‌ವರ್ಡ್ ಹಾಕಿದರೆ ಮಾತ್ರ ಆ ಆಟ ತೆರೆಯುತ್ತಿತ್ತು. ಒಬ್ಬರೇ ಕದ್ದು ನೋಡುವಂತಿಲ್ಲ.

ಮಧುಶ್ರೀಯ ಮುಖ ಸಪ್ಪಗಾದದ್ದು ನೋಡಿ ಅಪ್ಪ ಒಂದು ಹಾಳಾದ ಜೆರಾಕ್ಸ್ ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದ. ಎಡಗಡೆ ತನ್ನ ಊರು. ಮನೆಗಳು, ಹೊಲ, ಸುತ್ತ ಗೋಡೆ, ಅದರಾಚೆ ಇನ್ನೊಂದು ಗೋಡೆ, ಅದರಾಚೆ ಮತ್ತೊಂದು. ಗೋಡೆಗಳ ಒಳಗೆ ಸಾಲು ಸಾಲಾಗಿ ಈಟಿ ಹಿಡಿದವರು. ಬಲಗಡೆಗೆ ಪೆನ್ಸಿಲ್ಲಿನಿಂದ ಪೂರ್ತಿ ಕಪ್ಪು ಬಳಿದ.

“ಇದೇನು, ಇಲ್ಲಿ ಯಾಕೆ ಕಪ್ಪು?”

“ಅದು ಚನ್ನೇಶನ ಕಡೆ. ನಮ್ಮ ಜನ ಕಾಲಿಟ್ಟ ಜಾಗ ಮಾತ್ರ ನಮಗೆ ಕಾಣೋದು. ಕಾಲಿಡದೇ ಇದ್ದ ಜಾಗವೆಲ್ಲ ಕಪ್ಪು.”

“ಹಂಗಾದ್ರೆ ಅಲ್ಲೇನಿತ್ತು?”

“ಕುದುರೆ ಸೈನ್ಯ,” ಎಂದ ಅಪ್ಪ ಮೆಲ್ಲಗೆ. “ಕುಣಿಗಲ್‌ನವನು ಅವನು. ಅಲ್ಲಿ ಕುದುರೆ ಫಾರಂ ಇದೆ ನೋಡು, ಅವರಪ್ಪ ಅಲ್ಲೇ ಕೆಲಸಕ್ಕಿದ್ರು. ಇವನಿಗೆ ಚಿಕ್ಕೋನಿಂದ್ಲೂ ಕುದುರೆ ಹುಚ್ಚು. ಯಾವತ್ತಾದ್ರೂ ನೂರು ಕುದುರೆ ಒಟ್ಟಿಗೆ ನುಗ್ಗಿಸ್ತಾನೆ ಅಂತ ನಾನು ಗೋಡೆ ಮೇಲೆ ಗೋಡೆ ಕಟ್ಟಿದ್ದು.”

“ನೀನು ನೋಡಿದ್ಯಾ ಕುದುರೆನ?”

“ಇಲ್ಲ.”

“ಮತ್ತೆ ಹೆಂಗೆ ಗೊತ್ತು?”

ಅಪ್ಪ ಕಿವಿಯ ಹಿಂದೆ ಕೆರೆದುಕೊಂಡ. “ಗೊತ್ತು ಅಷ್ಟೇ,” ಎಂದ.

“ಅವರಿಗೆ ಫೋನ್ ಮಾಡಪ್ಪ.”

“ನಾಳೆ ಮಾಡ್ತೀನಿ.”

ಮಧುಶ್ರೀ ಮಾನಿಟರಿನ ಮೇಲಿದ್ದ ಫೈಲಿನ ಹೆಸರಿಗೆ ಬೆರಳಿಟ್ಟಳು. ಅಪ್ಪ ನಕ್ಕುಬಿಟ್ಟ. ಫೋನ್ ತೆಗೆದು, ಸ್ಪೀಕರ್ ಹಾಕಿ, ಒಂದು ಸಲ ಕೆಮ್ಮಿದ.

“ಹಲೋ, ಯಾರು?”

“ಲೇ ಕುಣಿಗಲ್,” ಎಂದ ಅಪ್ಪ. ಅಷ್ಟೇ.

ಆ ಕಡೆಯಿಂದ ಫೋನು ನಡುಗುವಂಥ ನಗು.

“ಲೇ ಗುಬ್ಬಿ, ಬದ್ಕಿದೀಯೇನ್ಲಾ? ಆರು ವರ್ಷ ಆಯ್ತು ನಿನ್ನ ದನಿ ಕೇಳಿ.”

“ನೀನೇ ಮಾಡ್ತೀಯ ಅಂತ ಸುಮ್ನಿದ್ದೆ ಕಣೋ.”

“ನಾನೂ ಹಂಗೇ ಅಂದ್ಕೊಂಡು ಸುಮ್ನಿದ್ದೆ.”

“ನಮ್ಮ ‘ನಾಳೆ’ ಸಿಕ್ಕಿದೆ ಕಣ್ಲಾ. ನಿನ್ನ ಪಾಸ್‌ವರ್ಡ್ ಹೇಳು.”

“ಹೇಳಲ್ಲ ಹೋಗ್ಲಾ, ಕದ್ದು ನೋಡಿಬುಡ್ತೀಯ. ಭಾನುವಾರ ನಾನೇ ಬರ್ತೀನಿ. ಗೋಡೆ ಗಟ್ಟಿ ಇದೆಯೋ ನೋಡ್ಕೊಂಡಿರು.”

ಮಧುಶ್ರೀ ಆ ಹಾಳೆಯನ್ನು ಮಡಿಸಿ ಕನ್ನಡ ಪುಸ್ತಕದಲ್ಲಿಟ್ಟುಕೊಂಡಳು. ಶುಕ್ರವಾರ, ಶನಿವಾರ ಕ್ಲಾಸಿನಲ್ಲಿ ಅದನ್ನು ತೆಗೆದು ತೆಗೆದು ನೋಡಿದಳು. ನೂರು ಕುದುರೆ ಹೇಗೆ ನಿಂತಿರಬಹುದು? ಬಿಳಿಯವೋ ಕಂದು ಬಣ್ಣದವೋ? ತಲೆ ಎತ್ತಿದರೆ ಎದುರಿಗೆ ಕಾವ್ಯಳ ಬೆನ್ನು ಕಾಣುತ್ತಿತ್ತು. ಬೆನ್ನಿನ ಮೇಲೆ ಎರಡು ಜಡೆ. ಪಕ್ಕದಲ್ಲಿ ಅದೇ ಬ್ಯಾಗ್. ಬೆನ್ನು ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಚನ್ನೇಶ್ ಅಂಕಲ್ ಬೈಕಿನಲ್ಲಿ ಬಂದರು. ಹೆಲ್ಮೆಟ್ ತೆಗೆದರೆ ತಲೆ ಬೋಳು.

“ಕೂದ್ಲೆಲ್ಲಿ ಹೋಯ್ತೋ?” ಎಂದ ಅಪ್ಪ.

“ನಿನ್ನ ಹೊಟ್ಟೆ ಎಲ್ಲಿಂದ ಬಂತೋ?” ಎಂದರು ಅಂಕಲ್.

ಅಪ್ಪ ಅಂಗಡಿಯಿಂದ ಇನ್ನೊಂದು ಕಂಪ್ಯೂಟರ್ ತಂದು ಅದಕ್ಕೂ ಗೇಮ್ ಹಾಕಿಟ್ಟಿದ್ದ. ಎರಡು ಟೇಬಲ್ಲುಗಳು ನಡುಮನೆಯ ಎರಡು ಗೋಡೆಗೆ ಸೇರಿದ್ದವು. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂತರು. ಮೊದಲಿನಿಂದಲೂ ಹಾಗೇ ಕೂರುವುದಂತೆ, ಒಬ್ಬರದ್ದು ಒಬ್ಬರಿಗೆ ಕಾಣಬಾರದು. ನಡುವೆ ನೀಲಿ ವೈರು ಮಲಗಿತ್ತು. ಅಜ್ಜಿ ಅದನ್ನು ದಾಟುವಾಗ ಸೀರೆ ಎತ್ತಿಕೊಂಡಳು.

“ಹಾವಿನ ಥರ ಬಿಟ್ಟವ್ರೆ. ಏನ್ಲಾ ಚನ್ನೇಶ, ತಿಂಡಿ ತಿಂದು ಆಡ್ರೋ.”

“ಐದು ನಿಮಿಷ ಕಣಮ್ಮ.”

“ನಿಮ್ಮ ಐದು ನಿಮಿಷ ನಂಗೊತ್ತು.”

ಇಬ್ಬರೂ ಪಾಸ್‌ವರ್ಡ್ ಒತ್ತಿದರು. ‘ನಾಳೆ’ ತೆರೆದುಕೊಂಡಿತು.

ಅಪ್ಪ ಬರೆದ ಚಿತ್ರದಲ್ಲಿದ್ದ ಹಾಗೆಯೇ ಇತ್ತು. ಮೂರು ಸುತ್ತು ಗೋಡೆ, ಬೆರಳುಗುರಿನಷ್ಟು ಎತ್ತರದ ಈಟಿಗಾರರು. ಹತ್ತೊಂಬತ್ತು ವರ್ಷ ಕೊಡಲಿ ಎತ್ತಿ ನಿಂತಿದ್ದ ಒಬ್ಬ, ಏನೂ ಆಗದವನಂತೆ ಮರಕ್ಕೆ ಏಟು ಹಾಕಿದ. ಗೋಡೆಯಾಚೆ ಎಲ್ಲ ಕಪ್ಪು.

ಅಪ್ಪನ ಹಣೆ ಬೆವರುತ್ತಿತ್ತು. “ಯಾವ ಕಡೆಯಿಂದ ನುಗ್ತಾನೋ,” ಎಂದು ಗೊಣಗುತ್ತ ನಾಲ್ಕನೇ ಗೋಡೆ ಕಟ್ಟಲು ಶುರುಮಾಡಿದ.

ಮಧುಶ್ರೀಗೆ ತಡೆಯಲಾಗಲಿಲ್ಲ. ತಿರುಗಿ ಕೇಳಿದಳು. “ಅಂಕಲ್, ನಿಮ್ಮ ಕಡೆ ನೋಡ್ಲಾ?”

“ನೋಡಮ್ಮ. ಆದ್ರೆ ನಿಮ್ಮಪ್ಪಂಗೆ ಹೇಳಂಗಿಲ್ಲ.”

“ದೇವ್ರಾಣೆ ಹೇಳಲ್ಲ.”

ಅವಳು ವೈರನ್ನು ದಾಟಿ ಹೋಗಿ, ಅಂಕಲ್ ಭುಜದ ಮೇಲಿಂದ ಬಗ್ಗಿ ನೋಡಿದಳು.

ಅಲ್ಲೂ ಗೋಡೆ. ಗೋಡೆಯೊಳಗೆ ಗೋಡೆ, ಅದರೊಳಗೆ ಇನ್ನೊಂದು ಗೋಡೆ. ನಡುವೆ ಭಯಬಿದ್ದವರ ಹಾಗೆ ಒತ್ತೊತ್ತಾಗಿ ನಿಂತ ಈಟಿಗಾರರು. ಮಧುಶ್ರೀ ಕುದುರೆ ಹುಡುಕಿದಳು. ಮೂಲೆಯಲ್ಲಿ ಹುಲ್ಲಿನ ಮೆದೆಯ ಪಕ್ಕ ಒಂದು ಇತ್ತು. ಒಂದೇ ಒಂದು. ಅದೂ ಬಾಲ ಆಡಿಸುತ್ತ ಸುಮ್ಮನೆ ನಿಂತಿತ್ತು.

ಅವಳಿಗೆ ನಗು ಉಕ್ಕಿ ಬಂತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ಯಾಕಮ್ಮ ನಗ್ತೀಯ?” ಎಂದ ಅಪ್ಪ, ಗಾಬರಿಯಿಂದ. “ತುಂಬಾ ಇದಾವಾ?”

“ಹೇಳಂಗಿಲ್ಲ ಅಪ್ಪ, ಆಣೆ ಮಾಡಿದೀನಿ.” ಅವಳು ಅಪ್ಪನ ಕಡೆಗೆ ಓಡಿಬಂದಳು. ಅಪ್ಪನ ಊರಿನಲ್ಲೂ ಬಾವಿಯ ಹತ್ತಿರ ಒಬ್ಬ ಕುದುರೆ ಸವಾರ ನಿಂತಿದ್ದ. “ಇವನ್ಯಾರು?”

“ಇವನಾ? ಆಟದ ಶುರುವಿಗೇ ಎಲ್ಲರಿಗೂ ಒಬ್ಬೊಬ್ಬನ್ನ ಕೊಡ್ತಾರೆ. ಮುಂದೆ ಹೋಗಿ ಏನಿದೆ ಅಂತ ನೋಡ್ಕೊಂಡು ಬರೋಕೆ.”

“ಕಳ್ಸಿದ್ಯಾ?”

“ಕಳ್ಸಿದ್ರೆ ಅವನ ಕುದುರೆಗಳು ಇವನನ್ನ ಹಿಡ್ಕೊಂಡ್ರೆ?”

“ಒಂದ್ಸಲ ಕಳ್ಸಿ ನೋಡಪ್ಪ. ಪ್ಲೀಸ್.”

ಅಪ್ಪ ಮಗಳ ಮುಖ ನೋಡಿದ. ಗೋಡೆಯ ಬಾಗಿಲುಗಳನ್ನು ಒಂದೊಂದಾಗಿ ತೆರೆದ. ಸವಾರ ಹೊರಗೆ ಹೊರಟ. ಅವನು ಹೋದಲ್ಲೆಲ್ಲ ಕಪ್ಪು ಸರಿದು ದಾರಿ ಕಾಣತೊಡಗಿತು. ಮೊದಲು ಹುಲ್ಲು, ಆಮೇಲೆ ಒಂದು ಕೆರೆ, ಅದರ ದಡದಲ್ಲಿ ಜಿಂಕೆಗಳು. ಯಾರೂ ಹಿಡಿಯಲು ಬರಲಿಲ್ಲ. ಕೊನೆಗೆ ಒಂದು ಗೋಡೆ ಅಡ್ಡ ಬಂತು. ಸವಾರ ಅದರ ಸುತ್ತ ಒಂದು ಸುತ್ತು ಹೊಡೆದ.

“ಲೇ ಕುಣಿಗಲ್,” ಎಂದ ಅಪ್ಪ ನಿಧಾನವಾಗಿ. “ನಿನ್ನ ಕುದುರೆ ಸೈನ್ಯ ಎಲ್ಲೋ?”

“ಯಾವ ಸೈನ್ಯನೋ? ಇರೋದೊಂದೇ ಕುದುರೆ. ಶುರುವಲ್ಲಿ ಕೊಟ್ಟಿದ್ದು.”

“ಮತ್ತೆ ಈ ಪಾಟಿ ಗೋಡೆ?”

“ನೀನು ಕೊಬ್ಬರಿ ಮಂಡಿ ಊರಿನೋನು. ಮೂಟೆ ಮೂಟೆ ಕೂಡಿಟ್ಟು ಒಂದಿನ ಆನೆ ಸೈನ್ಯ ತರ್ತೀಯ ಅಂತ ನಾನು ನಿದ್ದೆಗೆಟ್ಟು ಗೋಡೆ ಕಟ್ಟಿದೀನಿ ಕಣ್ಲಾ.”

ಇಬ್ಬರೂ ಕುರ್ಚಿ ತಿರುಗಿಸಿ ಒಬ್ಬರನ್ನೊಬ್ಬರು ನೋಡಿದರು. ಅಪ್ಪ ಮೊದಲು ನಕ್ಕನೋ ಅಂಕಲ್ಲೋ ಗೊತ್ತಿಲ್ಲ. ನಕ್ಕು ನಕ್ಕು ಅಂಕಲ್ ಕಣ್ಣೊರೆಸಿಕೊಂಡರು. ಏನಾಯಿತೋ ಅಂತ ಅಜ್ಜಿ ಸೌಟು ಹಿಡಿದುಕೊಂಡೇ ಬಂದಳು.

ಮಧುಶ್ರೀಯೂ ನಗುತ್ತಿದ್ದಳು. ನಗುವಿನ ನಡುವೆಯೇ ಬಸ್ ಸ್ಟ್ಯಾಂಡ್ ಕಡೆಯ ಉದ್ದ ದಾರಿ ಅವಳಿಗೆ ನೆನಪಾಯಿತು.

ಆಮೇಲೆ ಇಬ್ಬರೂ ಗೋಡೆಗಳನ್ನು ಕೆಡವಿ ನಿಜವಾದ ಯುದ್ಧ ಶುರುಮಾಡಿದರು. ಮಧ್ಯಾಹ್ನದ ಊಟಕ್ಕೆ ಅಜ್ಜಿ ಮೂರನೇ ಸಲ ಕೂಗಿದಾಗಲೂ ಯಾರೂ ಗೆದ್ದಿರಲಿಲ್ಲ. ಮತ್ತೆ ಸೇವ್ ಮಾಡಿದರು.

“ಏನಂತ ಹೆಸರಿಡೋಣ?” ಎಂದ ಅಪ್ಪ.

“ನಾಳೆ ಅಂತ ಬೇಡ,” ಎಂದಳು ಮಧುಶ್ರೀ. “ಮುಂದಿನ ಭಾನುವಾರ ಅಂತ ಇಡು.”

ಸೋಮವಾರ ಬೆಳಿಗ್ಗೆ ಅವಳು ಬಸ್ ಸ್ಟ್ಯಾಂಡ್ ಕಡೆಗೆ ತಿರುಗಲಿಲ್ಲ. ಹಿಟ್ಟಿನ ಗಿರಣಿ ಮುಂದೆ ಹೋಗಿ ನಿಂತಳು. ಕಾವ್ಯ ಇರಲಿಲ್ಲ. ಕದರಯ್ಯನವರು ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ ಹೊರಗೆ ಬಂದರು.

“ಏನವ್ವ, ನಾಕು ದಿನದಿಂದ ಇಬ್ರೂ ಪತ್ತೆ ಇಲ್ಲ?”

“ಕಾವ್ಯನೂ ಬಂದಿಲ್ವಾ ತಾತ?”

“ಎರಡು ದಿನ ಬಂದು ಕಾದ್ಲು. ನೀನು ಬರ್ಲಿಲ್ಲ. ಆಮೇಲಿಂದ ಸ್ಟೇಷನ್ ರೋಡಲ್ಲಿ ಸುತ್ತಾಕ್ಕೊಂಡು ಹೋಗ್ತಾವ್ಳೆ. ಈ ಗಿರಣಿ ಏನ್ ಮಾಡ್ತು ನಿಮಗೆ?”

ಮಧುಶ್ರೀ ಆಗಲೇ ಓಡುತ್ತಿದ್ದಳು.

ಸ್ಟೇಷನ್ ರೋಡಿನ ತಿರುವಿನಲ್ಲಿ ಎರಡು ಜಡೆ ಕಂಡವು. ಮಧುಶ್ರೀ ಏದುಸಿರು ಬಿಡುತ್ತ ಪಕ್ಕಕ್ಕೆ ಹೋಗಿ ನಿಂತಳು.

“ಏನೇ, ಈ ಕಡೆ ಬಂದಿದೀಯ?” ಎಂದಳು ಕಾವ್ಯ, ಅನುಮಾನದಿಂದ.

“ಸುಮ್ನೆ. ನೋಡ್ಕೊಂಡು ಹೋಗೋಣ ಅಂತ.”

“ಏನ್ ನೋಡೋಕೆ?”

ಮಧುಶ್ರೀ ಶೂ ತುದಿಯಿಂದ ಒಂದು ಕಲ್ಲನ್ನು ತಳ್ಳಿದಳು. “ನೀನ್ಯಾಕೆ ಮುಂದೆ ಹೋಗಿ ಕೂತೆ?”

“ಹಿಂದಿಂದ ಬೋರ್ಡ್ ಮಸುಕು ಮಸುಕು ಕಾಣುತ್ತೆ ಕಣೇ. ಮುಂದೆ ಕೂತ್ಕೋ ಅಂದ್ರು ಮಿಸ್.” ಕಾವ್ಯಳ ದನಿ ಸಣ್ಣದಾಯಿತು. “ನೀನೂ ಬರ್ತೀಯ ಅಂತ ಬ್ಯಾಗ್ ಇಟ್ಟು ಜಾಗ ಹಿಡಿದಿದ್ದೆ. ನೀನು ಬರ್ಲೇ ಇಲ್ಲ.”

ಇಬ್ಬರೂ ಸ್ವಲ್ಪ ದೂರ ಜೊತೆಯಾಗಿ ನಡೆದರು. ಆಮೇಲೆ ಕಾವ್ಯ ಕೇಳಿದಳು. “ನಿನ್ನ ರಬ್ಬರ್ ಯಾಕೆ ಅಷ್ಟು ಕಪ್ಪಗಿದೆ? ಶುಕ್ರವಾರ ನೋಡಿದೆ.”

“ಕಂಪ್ಯೂಟರಿಗೆ ಹಲ್ಲುಜ್ಜಿದ್ದು.”

“ಸುಳ್ಳು.”

“ದೇವ್ರಾಣೆ. ಭಾನುವಾರ ಬಾ, ತೋರಿಸ್ತೀನಿ.”

ಕ್ಲಾಸಿನಲ್ಲಿ ಕಾವ್ಯ ಈ ಸಲ ಬ್ಯಾಗನ್ನು ಮೊದಲನೇ ಬೆಂಚಿನ ಮೇಲಿಡದೆ ಕೆಳಗಿಟ್ಟಳು. ಮಧುಶ್ರೀ ಆ ಜಾಗದಲ್ಲಿ ಕೂತಳು. ಬೋರ್ಡು ತುಂಬ ದೊಡ್ಡದಾಗಿ ಕಾಣುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳು ಹಿಂದೆ ತಿರುಗಿ ಮೂರನೇ ಬೆಂಚನ್ನು ನೋಡಿದಳು. ಒಂದು ವಾರ ಕಾವ್ಯ ಇಲ್ಲಿಂದ ತಿರುಗಿದಾಗೆಲ್ಲ ಅಲ್ಲಿ ಏನು ಕಂಡಿರಬಹುದು? ಒಂದು ಬ್ಯಾಗು. ಅದರ ಪಕ್ಕ ಒಂದು ಬಗ್ಗಿದ ತಲೆ.

ಅವಳು ಮುಂದಕ್ಕೆ ತಿರುಗಿ, ಅರ್ಧ ರಬ್ಬರನ್ನು ತೆಗೆದು, ಇಬ್ಬರ ನಡುವೆ ಇಟ್ಟಳು.