ಎರಡನೇ ಗೇಟಿನಿಂದ ಬನ್ನಿ

2000ನೇ ಇಸವಿ ಮಾರ್ಚ್ 14, ಮಂಗಳವಾರ. ಬೆಳಿಗ್ಗೆ ಹತ್ತೂಕಾಲಿಗೆ ರಾಜಿ ಠಾಣೆಗೆ ಬಂದಳು. ಅಮೆರಿಕದ ಮೆಟುಚೆನ್ನಿಗೆ ಅಂಟಿಕೊಂಡ ಪುಟ್ಟ ಊರು, ಠಾಣೆಯೂ ಪುಟ್ಟದು. ಡಿಟೆಕ್ಟಿವ್ ಮೃತ್ಯುಂಜಯ ಹಿರೇಮಠ ಎದ್ದು ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ.

"ಆಂಬ್ಯುಲೆನ್ಸ್ ಯಾಕೆ ಬರಲಿಲ್ಲ ಅಂತ ಯಾರೂ ಹೇಳ್ತಿಲ್ಲ," ಎಂದಳು. "ಅದು ನಿಲ್ಲೋ ಜಾಗದಿಂದ ಅರ್ಧ ಮೈಲಿನೂ ಇಲ್ಲ ನಮ್ಮನೆ."

ಶುಕ್ರವಾರ ಸಂಜೆ ಅವಳ ಗಂಡ ಮುಕುಂದ್, ನಲವತ್ತೆರಡರ ಪ್ರೋಗ್ರಾಮರ್, ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದಿದ್ದ. ಊರಿಗೆ ಇದ್ದದ್ದು ಒಂದೇ ಆಂಬ್ಯುಲೆನ್ಸ್. ಅದರ ಸಿಬ್ಬಂದಿ ಆ ಹೊತ್ತಿನಲ್ಲಿ ಬೇರೊಂದು ಅಪಾರ್ಟ್‌ಮೆಂಟಿನಲ್ಲಿ ಇಲ್ಲದ ರೋಗಿಗಾಗಿ ಬಾಗಿಲು ಬಡಿಯುತ್ತಿದ್ದರು. ಪಕ್ಕದೂರಿನ ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜನವರಿಯಿಂದೀಚೆಗೆ ಅದು ನಾಲ್ಕನೆಯ ಸುಳ್ಳು ಕರೆ.

ಮೃತ್ಯುಂಜಯ ದೂರು ಬರೆದುಕೊಂಡ. ನಮ್ಮ ಕಡೆಯ ಎಫ್‌ಐಆರ್‌ಗೆ ಈ ದೇಶದಲ್ಲಿ ಬೇರೆ ಹೆಸರು. ಬರೆಯುವವನ ಸಂಕಟ ಅದೇ. ಧಾರವಾಡದ ಇಂಜಿನಿಯರನ ಮಗ ಪೊಲೀಸನಾದದ್ದನ್ನು ನಮ್ಮ ಜನ ಇನ್ನೂ ಕ್ಷಮಿಸಿರಲಿಲ್ಲ. ಫ್ಲಶಿಂಗ್ ಗಣೇಶನ ಗುಡಿಯ ಕ್ಯಾಂಟೀನಿನಲ್ಲಿ ದೋಸೆ ಮುರಿಯುತ್ತ ಯಾರಾದರೂ "ಇನ್ನೂ ಅದೇ ಕೆಲಸಾನಾ?" ಎಂದು ಕೇಳದೆ ಬಿಡುತ್ತಿರಲಿಲ್ಲ.

ಆ ಕೆಲಸ ಅವನ ನಿದ್ದೆಯನ್ನು ತಿಂದಿತ್ತು. ಹಿಂದಿನ ಬೇಸಿಗೆಯಲ್ಲಿ ಹೆದ್ದಾರಿ 287ರಲ್ಲಿ ಕಾರೊಂದು ಹೊತ್ತಿ ಉರಿದಾಗ ಮೊದಲು ತಲುಪಿದವನು ಅವನೇ. ಒಳಗೆ ಜನರಿದ್ದರು, ಕಾರಿನ ಬಾಗಿಲು ಅವನ ಕೈಗೆ ತೆರೆಯಲಿಲ್ಲ. ಆಮೇಲೆ ಅವನಿಗೆ ಮತ್ತೆ ನಿದ್ದೆ ಬರುವಂತಾದದ್ದು ಮನೋವೈದ್ಯೆ ಡಾ. ಅಲಮೇಲು ಅವರಿಂದ. ಮೆಟುಚೆನ್ ರೈಲು ನಿಲ್ದಾಣದ ಎದುರಿನ ಮಹಡಿಯಲ್ಲಿ ಕೂರುವ ಈ ಮೈಸೂರಿನ ಹೆಂಗಸಿನ ಬಳಿ ಬರುವವರೆಲ್ಲ ಪೊಲೀಸರು, ಬೆಂಕಿ ಆರಿಸುವವರು, ಆಂಬ್ಯುಲೆನ್ಸಿನವರು. ಅವರ ಪದ್ಧತಿ ಸರಳ. ಕಣ್ಣು ಮುಚ್ಚಿ, ಆ ದಿನವನ್ನು ಈಗಲೇ ನಡೆಯುತ್ತಿರುವಂತೆ ಹೇಳಬೇಕು. ಯಾವ ದಾರಿ, ಯಾವ ತಿರುವು, ಒಂದನ್ನೂ ಬಿಡಬಾರದು. ಆದರೆ ಈ ಸಲ ಹೊತ್ತಿಗೆ ಸರಿಯಾಗಿ ತಲುಪಬೇಕು. "ಇನ್ನೂ ಉಸಿರಾಡ್ತಿದ್ದಾರೆ, ಹೋಗಿ," ಎನ್ನುತ್ತಿದ್ದರು ಅಲಮೇಲು. ಗುರುವಾರ ಸಂಜೆಯ ಆ ಒಂದು ಗಂಟೆ ಇಲ್ಲದಿದ್ದರೆ ಮೃತ್ಯುಂಜಯನಿಗೆ ವಾರ ದಾಟುತ್ತಿರಲಿಲ್ಲ.

ಬುಧವಾರ ಅವನು ಕಂಟ್ರೋಲ್ ರೂಮಿನಲ್ಲಿ ನಾಲ್ಕು ಕರೆಗಳ ಟೇಪನ್ನೂ ಕೇಳಿದ. ಬಾಯಿಗೆ ಬಟ್ಟೆ ಹಿಡಿದ ಗಂಡಸಿನ ದನಿ. ಸುಳ್ಳು ಕರೆ ಮಾಡುವವರು ಮಾತಿನಲ್ಲಿ ರಕ್ತದ ಹೊಳೆಯನ್ನೇ ಹರಿಸುತ್ತಾರೆ. ಇವನು ದಾರಿ ಹೇಳುತ್ತಿದ್ದ. "ಎರಡನೇ ಗೇಟಿನಿಂದ ಬನ್ನಿ, ಮೊದಲನೆಯದಲ್ಲ. ಎಡಕ್ಕೆ ಮೂರನೇ ಕಟ್ಟಡ. ಹುಡುಗಿ. ಇನ್ನೂ ಉಸಿರಾಡ್ತಿದ್ದಾಳೆ."

ಮೃತ್ಯುಂಜಯ ಹೆಡ್‌ಫೋನ್ ತೆಗೆದಿಟ್ಟ. ಈ ಮಾತು ಯಾವ ಕೋಣೆಯದೆಂದು ಅವನಿಗೆ ಗೊತ್ತಿತ್ತು.

ಮಧ್ಯಾಹ್ನ ಅಲಮೇಲು ಅವರೆದುರು ಕುಳಿತ.

"ಪೇಷೆಂಟ್ ಹೆಸರು ನಾನು ಹೇಳಲ್ಲ," ಎಂದರು ಅವರು.

"ಹೆಸರು ಬ್ಯಾಡ್ರಿ ಡಾಕ್ಟ್ರೇ. ಹೊತ್ತಿಗೆ ಸರಿಯಾಗಿ ತಲುಪೋದನ್ನ ಆಂಬ್ಯುಲೆನ್ಸಿನವರಿಗೂ ಮಾಡಸ್ತೀರೇನು?"

"ಕಣ್ಣು ಮುಚ್ಚಿ, ಮನಸ್ಸಲ್ಲಿ ಮಾಡಿ ಅಂದಿದ್ದೆ," ಎಂದರು ಅಲಮೇಲು. ಆಮೇಲೆ ಅವನ ಮುಖ ನೋಡಿದರು. "ಇದನ್ನ ಕೇಳಿದ ಮೇಲೆ ನೀವು ಇಲ್ಲಿಗೆ ಪೇಷೆಂಟಾಗಿ ಬರೋಕಾಗಲ್ಲ. ಗೊತ್ತಲ್ವಾ?"

"ಗೊತ್ತದರಿ."

ಉಳಿದದ್ದು ಕಷ್ಟವಾಗಲಿಲ್ಲ. ನಾಲ್ಕು ಕರೆಗಳೂ ಒಂದೇ ಪೇ ಫೋನಿನಿಂದ ಬಂದಿದ್ದವು. ಅದು ಆಂಬ್ಯುಲೆನ್ಸ್ ನಿಲ್ಲುವ ಕಟ್ಟಡದ ಹಿಂದಿನ ಲಾಂಡ್ರಿಯ ಗೋಡೆಯ ಮೇಲಿತ್ತು. ದೀಪದ ಬುಡದಲ್ಲಿ ಕತ್ತಲೆ. ಹಳೆಯ ಕರೆಗಳ ವರದಿ ತರಿಸಿದಾಗ ಡಿಸೆಂಬರಿನ ಒಂದು ಸಾವು ಸಿಕ್ಕಿತು. ಸಲ್ಮಾ, ಏಳು ವರ್ಷ, ಉಬ್ಬಸ. ಹಿಮ ಬೀಳುತ್ತಿತ್ತು; ಗಾಡಿ ತಪ್ಪು ಗೇಟಿನಿಂದ ಒಳಹೊಕ್ಕು, ಒಂದೇ ತೆರನಾದ ಕಟ್ಟಡಗಳ ನಡುವೆ ಸುತ್ತಿತ್ತು. ಓಡಿಸುತ್ತಿದ್ದವನು ಅಮರೇಶ್ವರ, ಸಿಂಧನೂರಿನವನು. ಹಗಲು ಬ್ಯಾಂಕೊಂದರ ಕಂಪ್ಯೂಟರುಗಳು 2000ನೇ ಇಸವಿಯ ತಾರೀಖಿಗೆ ಎಡವದಂತೆ ವೈಟುಕೆ ರಿಪೇರಿ ಮಾಡಿ, ಸಂಜೆ ಸಂಬಳವಿಲ್ಲದೆ ಆಂಬ್ಯುಲೆನ್ಸ್ ಓಡಿಸುತ್ತಿದ್ದ ಸ್ವಯಂಸೇವಕ. ನಾಲ್ಕು ಸುಳ್ಳು ಕರೆಗಳಿಗೂ ಓಡಿದವನು ಅವನೇ, ಆದ್ದರಿಂದಲೇ ಯಾರೂ ಅವನನ್ನು ಸಂಶಯಿಸಿರಲಿಲ್ಲ.

ಗುರುವಾರ ಸಂಜೆ 6:40, ಅಮರೇಶ್ವರನ ಪಾಳಿಯ ಹೊತ್ತು. ಲಾಂಡ್ರಿಯೊಳಗೆ ಕಾಯುತ್ತಿದ್ದ ಮೃತ್ಯುಂಜಯನಿಗೆ ಕಿಟಕಿಯಿಂದ ಅಮರೇಶ್ವರ ಕಂಡ. ಆಂಬ್ಯುಲೆನ್ಸಿನವರ ಜಾಕೆಟ್ಟು ತೊಟ್ಟಿದ್ದ, ಕೈಯಲ್ಲಿ ಕರವಸ್ತ್ರ. ಮೃತ್ಯುಂಜಯ ಸದ್ದಿಲ್ಲದೆ ಹೊರಬಂದು ಅವನ ಬೆನ್ನ ಹಿಂದೆ ನಿಂತ.

"ಗಂಡಸು. ನಲವತ್ತೆರಡು ವರ್ಷ. ಅಡುಗೆಮನೆಯಲ್ಲಿದ್ದಾನೆ," ಎನ್ನುತ್ತಿದ್ದ ಅಮರೇಶ್ವರ ಇಂಗ್ಲಿಷಿನಲ್ಲಿ. "ಇನ್ನೂ ಉಸಿರಾಡ್ತಿದ್ದಾನೆ."

ಅವನು ರಾಜಿಯ ಬೀದಿಯ ಹೆಸರು ಹೇಳಿದ. ಮನೆ ನಂಬರು ಹೇಳುವ ಮೊದಲೇ ಮೃತ್ಯುಂಜಯ ಕೈಚಾಚಿ ಫೋನಿನ ಕೊಕ್ಕೆ ಒತ್ತಿದ.

ಅಮರೇಶ್ವರ ಓಡಲಿಲ್ಲ. ಬಂಧಿತನ ಹಕ್ಕುಗಳನ್ನು ಓದಿ ಹೇಳಿದಾಗ ತಲೆಯಾಡಿಸಿದ. ಠಾಣೆಯಲ್ಲಿ ಹೇಳಿಕೆ ಕೊಡುವಾಗ ದನಿ ಏರಲಿಲ್ಲ.

"ಡಾಕ್ಟ್ರ ರೂಮಿನಾಗ ಕಣ್ಣು ಮುಚ್ಚಿದ್ರ ನನಗ ಆ ಹುಡುಗಿ ಮನಿ ಬಾಗಲಾನ ಸಿಗತಿದ್ದಿಲ್ರಿ. ಅದಕ್ಕ ಫೋನ್ ಮಾಡಿ ಖರೇನ ಹೋದೆ."

"ಹೋಗಿ ಏನ್ ಮಾಡಿದಿ?"

"ಏನಿಲ್ರಿ. ಬಾಗಲಾ ಬಡದ್ರ ಯಾರರ ತಗೀತಿದ್ರು. ಎಲ್ಲಾರೂ ಜೀವಂತ ಇರ್ತಿದ್ರು. ಅವತ್ತು ರಾತ್ರಿ ಮಾತ್ರ ನಿದ್ದಿ ಬರ್ತಿತ್ತು."

"ಮುಕುಂದ್?"

ಅಮರೇಶ್ವರ ಮೇಜನ್ನೇ ನೋಡುತ್ತ ಕುಳಿತ. "ಮರುದಿನ ಮುಂಜಾನೆ ಗೊತ್ತಾತು," ಎಂದ.

ಮೃತ್ಯುಂಜಯನಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಭಯ. ಆ ನಿದ್ದೆಯ ರುಚಿ ತನಗೂ ಗೊತ್ತು ಎಂಬ ಭಯ.

ಅಲಮೇಲು ಅವರ ಕೋಣೆಯ ಮಾತು ಠಾಣೆಯ ಕಾಗದಕ್ಕೆ ಬಂತೆಂದು ತಿಳಿದದ್ದೇ ತಡ, ಬೆಂಕಿ ಆರಿಸುವ ಹುಡುಗರು ಮೆಟುಚೆನ್ನಿನ ಮಹಡಿ ಹತ್ತುವುದನ್ನು ಬಿಟ್ಟರು. ತಿಂಗಳೊಳಗೆ ಅಲಮೇಲು ಬಾಗಿಲು ಹಾಕಿದರು. ಅವರ ತಪ್ಪೇನೂ ಇರಲಿಲ್ಲ. ಮೃತ್ಯುಂಜಯ ಮತ್ತೆ ಬೆಳಗಿನ ತನಕ ಚಾವಣಿ ನೋಡತೊಡಗಿದ.

ಏಪ್ರಿಲ್ ಕೊನೆಯಲ್ಲಿ ಅವನು ರಾಜಿಯ ಮನೆಗೆ ಹೋದ. ಗಂಡನ ಕೆಲಸದ ಮೇಲೆ ಅವಳಿಗೆ ಸಿಕ್ಕಿದ್ದ ಎಚ್-4 ವೀಸಾ ಅವನೊಂದಿಗೇ ಮುಗಿದಿತ್ತು. ಅವಳು ಸಾಮಾನು ಕಟ್ಟುತ್ತಿದ್ದಳು. ಅವಳಿಗೆ ಎಲ್ಲವನ್ನೂ ಹೇಳಿದ. ಸಲ್ಮಾಳ ವಿಷಯ, ಗೇಟಿನ ವಿಷಯ, ಚಿಕಿತ್ಸೆಯ ವಿಷಯ, ಆ ನಿದ್ದೆಯ ವಿಷಯ. ರಾಜಿ ಪೆಟ್ಟಿಗೆಗೆ ಟೇಪು ಹಚ್ಚುತ್ತಲೇ ಕೇಳಿಸಿಕೊಂಡಳು.

"ಶುಕ್ರವಾರ ರಾತ್ರಿ," ಎಂದಳು ಆಮೇಲೆ. "ನಮ್ಮವರು ಹೋದ್ರಲ್ಲ, ಆ ರಾತ್ರಿ. ಅವನು ನಿದ್ದೆ ಮಾಡಿದ್ನಾ?"

ಸುಳ್ಳು ಹೇಳಬಹುದಿತ್ತು. ಮೃತ್ಯುಂಜಯನಿಗೆ ಆಗಲಿಲ್ಲ.

"ಹೂಂ ರಿ," ಎಂದ. "ಚಲೋ ನಿದ್ದಿ ಬಂದಿತ್ತಂತ."

ರಾಜಿ ತಲೆಯಾಡಿಸಿ ಮುಂದಿನ ಪೆಟ್ಟಿಗೆ ಎಳೆದುಕೊಂಡಳು.