ಮಲ್ಲಿಗೆಯ ಮೇಲಿನ ಅನುಮಾನ

ಹೆಣ್ಣು ನೋಡಲು ಬಂದ ತೆಲಿಗಿಯ ಅರುಣಕುಮಾರನ ಬಾಯಿಂದ ಬಂದದ್ದು ಒಂದೇ ಮಾತು.

"ಹೂ..."

ಅಷ್ಟಕ್ಕೇ ಸೀನು ಹತ್ತಿತು. ಸೀನಿ ಸೀನಿ ಕಣ್ಣು ಕೆಂಪಾಗಿ, ಎದೆಯೊಳಗೆ ಸಿಳ್ಳೆ ಎದ್ದು, ಕೂರಲು ಹಾಸಿದ್ದ ಕೌದಿಯ ಮೇಲಿಂದ ಎದ್ದವನು ಹೊರಗೆ ಓಡಿದ. ಎಲ್ಲರ ಕಣ್ಣೂ ಗಂಗಾಂಬಿಕಾಳ ಜಡೆಗೆ ಹೋದವು. ಅಪ್ಪ ತೀರಿಕೊಂಡ ಮೇಲೆ ಹಡಗಲಿಯ ಮಲ್ಲಿಗೆ ತೋಟವನ್ನು ತಾನೇ ನಡೆಸುವವಳು, ಮಲ್ಲಿಗೆಯಲ್ಲದೆ ಇನ್ನೇನು ಮುಡಿದಾಳು?

ಹುಡುಗಿ ಒಪ್ಪಿಗೆಯೇ ಎಂದು ಕೇಳುವ ಹೊತ್ತಿಗೇ ಸೀನು ಬರಬಾರದಿತ್ತು ಎಂದು ಗೊಣಗುತ್ತ ಅವನ ತಾಯಿ ಉಚ್ಚಂಗೆಮ್ಮ ಚಹಾ ಬಿಟ್ಟೆದ್ದರು.

ಕೆಲವು ದಿನಗಳ ಮೇಲೆ ಅವನೇ ಫೋನ್ ಮಾಡಿದ. ಹೂವಿನ ಅಲರ್ಜಿಯೋ, ತಾನು ವ್ಯಾಪಾರ ಮಾಡುವ ಮೆಕ್ಕೆಜೋಳದ ಧೂಳೋ ಡಾಕ್ಟರಿಗೂ ತಿಳಿಯದು. ಚರ್ಮದ ಮೇಲೆ ಪರೀಕ್ಷೆ ಮಾಡಲು ದಿನವೂ ನುಂಗುವ ಅಲರ್ಜಿ ಮಾತ್ರೆ ನಿಲ್ಲಿಸಬೇಕು, ನಿಲ್ಲಿಸಿದರೆ ಉಸಿರು ಕಟ್ಟುತ್ತದೆ. ಹಾಗಾಗಿ ದಾವಣಗೆರೆಯ ಲ್ಯಾಬಿನಲ್ಲಿ ರಕ್ತದ ಪರೀಕ್ಷೆ. ನಿಮ್ಮ ತೋಟದ ಒಂದು ಹಿಡಿ ಹೂ ಬೇಕಿತ್ತು, ಎಂದ.

ಬೇಕಾದದ್ದು ಹೂ ಮಾತ್ರ! ಗಂಗಾಳಿಗೆ ಉರಿಯಿತು. ಆದರೂ ನಸುಕಿನಲ್ಲೇ ಮೊಗ್ಗು ಬಿಡಿಸಿ, ಡಬ್ಬಿಗೆ ಹಾಕಿ, ಹರಪನಹಳ್ಳಿ ಬಸ್‌ಸ್ಟ್ಯಾಂಡಿಗೆ ಬಂದಳು.

ಮಾಸ್ಕ್ ಹಾಕಿಕೊಂಡವನು ದೂರವೇ ನಿಂತ. ಅವನ ಕಣ್ಣು ಅವಳ ಬರಿದಾದ ಜಡೆಯ ಮೇಲೆ ಕೂತು, ಮೆಲ್ಲಗೆ ಕೆಳಗಿಳಿಯಿತು.

"ಮುಡಿದಿಲ್ಲೇನ್ರಿ?"

"ನಿಮ್ಮ ಜೀವ ತೆಗಿಯಾಕ ಬಂದಿಲ್ರಿ ನಾನು."

ಮಾಸ್ಕಿನ ಮೇಲಿನ ಕಣ್ಣುಗಳು ನಕ್ಕವು. ಕೊಳವೆಯಲ್ಲಿ ರಕ್ತದ ಜೀವಂತ ಕಣಗಳಿಗೆ ಹೂವನ್ನೂ ಬಗೆಬಗೆಯ ಧೂಳನ್ನೂ ಬೇರೆ ಬೇರೆಯಾಗಿ ತೋರಿಸುತ್ತಾರೆ, ಯಾವುದು ಆಗಿಬರುವುದಿಲ್ಲವೋ ಅದಕ್ಕೆ ಕಣಗಳು ಕೆರಳುತ್ತವೆ ಎಂದು ವಿವರಿಸಿದ.

"ಅಂದ್ರ, ರಕ್ತಕ್ಕ ಹೆಣ್ಣು ತೋರ್ಸಾಕ ಹೊಂಟೀರಿ."

ಅವನು ನಗಲು ಹೋಗಿ ಕೆಮ್ಮಿದ. ಹೂವೇ ಎಂದು ಬಂದರೆ, ಎಂದು ಅವಳು ಕೇಳಿದಾಗ ನಗು ಇಳಿಯಿತು.

"ತೋಟ ಬಿಡಿಸಿ ನಿಮ್ಮನ್ನ ಕರಕೊಂಡು ಹೋಗೋ ಮನುಷ್ಯ ನಾನಲ್ರಿ."

ಬಸ್ಸು ಬಂತು, ಡಬ್ಬಿ ಇಸಿದುಕೊಂಡು ಹತ್ತಿ ಹೋದ. ಇದು ಮರ್ಯಾದೆಯೋ, ಬೇಡವೆನ್ನುವ ನಾಜೂಕೋ?

ಆಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಟ್ಟಿದ ಮಾಲೆಯಲ್ಲಿ ಒಂದೆಡೆ ಒತ್ತು, ಒಂದೆಡೆ ಸಡಿಲ. ಫೋನು ಸದ್ದಾಗದಿದ್ದರೂ ತೆಗೆದು ನೋಡುವಳು. ಗಿಡಗಳ ಮೇಲೆ ಸಿಟ್ಟು ಬರುತ್ತಿತ್ತು. ಮರುಕ್ಷಣವೇ, ಸುಳ್ಳೇ ಕಳ್ಳತನದ ಆರೋಪ ಹೊತ್ತ ಮಗುವನ್ನು ಸವರುವಂತೆ ಸವರುತ್ತಿದ್ದಳು. ತೋಟವೋ ಅವನೋ ಎಂದು ಯಾರಾದರೂ ಕೇಳಿದರೆ? ಅದೇ ಅವಳನ್ನು ಹೆದರಿಸಿತು.

ಒಂದು ಸಂಜೆ ತಾಯಿ ಮಗ ಇಬ್ಬರೂ ಬಂದರು. ಅವನ ಮುಖದ ಮೇಲೆ ಮಾಸ್ಕ್ ಇರಲಿಲ್ಲ. ಮಲ್ಲಿಗೆಗೂ ಮೆಕ್ಕೆಜೋಳಕ್ಕೂ ಕಣಗಳು ಸುಮ್ಮನಿದ್ದುವಂತೆ, ಕೆರಳಿದ್ದು ಹಳೇ ಹಾಸಿಗೆಯ ಧೂಳಿಗಂತೆ ಎಂದು ಉಚ್ಚಂಗೆಮ್ಮ ಸೋತವರ ದನಿಯಲ್ಲಿ ಹೇಳಿದರು. ಗಂಗಾಳ ಅವ್ವ ಗಲ್ಲಕ್ಕೆ ಕೈ ಹಚ್ಚಿದಳು. ಅವತ್ತು ಬೀಗರಾಗುವವರು ಬರುತ್ತಾರೆಂದು ಅಟ್ಟದಿಂದ ಇಳಿಸಿದ ಅತ್ತೆಯ ಕಾಲದ ಕೌದಿಯನ್ನು ಅವಸರದಲ್ಲಿ ಕೊಡವದೆಯೇ ಹಾಸಿದ್ದಳು.

ದೊಡ್ಡವರು ನಗುತ್ತಿರುವಾಗ ಅವನು ತೋಟ ನೋಡಬೇಕೆಂದ.

"ಪಾಪ, ಹೂವಿನ ಮ್ಯಾಲೆ ಯಾಕ ದೂರು ಹೇಳಿದ್ರಿ ಅವತ್ತು?" ಸಾಲುಗಳ ನಡುವೆ ಗಂಗಾ ಕೇಳಿದಳು.

"ನಾನ್ಯಾವಾಗ ಹೇಳೀನ್ರಿ?"

"ಹೂ ಅಂದ್ರಲ್ಲ."

ಅವನು ನಿಂತುಬಿಟ್ಟ. "ಒಪ್ಪಿಗಿ ಐತೇನು ಅಂತ ಕೇಳಿದ್ರು. ಹೂಂ ಅನ್ನಾಕ ಹೊಂಟಿದ್ದೆ. ಸೀನು ಬಂತು."

ಅವಳು ಕಿತ್ತು ತಿರುಚುತ್ತಿದ್ದ ಎಲೆ ಕೆಳಗೆ ಬಿತ್ತು. "ಆಮ್ಯಾಲರ ಹೇಳಬೇಕಿಲ್ಲೇನು?"

"ಹೂವೇ ಆಗಿದ್ರ, ನನ್ನ ಹೂಂಗ ಕಟ್ಟುಬಿದ್ದು ನೀವು ತೋಟ ಬಿಡಬೇಕಾಗ್ತಿತ್ತು."

ಅವಳು ಬಿರಿಯಲಿದ್ದ ಒಂದು ಮೊಗ್ಗು ಕಿತ್ತು ಅವನ ಮೂಗಿನ ಹತ್ತಿರ ಹಿಡಿದಳು. ಅವನು ಕಣ್ಣು ಮುಚ್ಚಿ ಎದೆ ತುಂಬ ಎಳೆದುಕೊಂಡ. ಇಬ್ಬರೂ ಕಾದರು. ಸೀನು ಬರಲಿಲ್ಲ.

"ಹೂಂ," ಅಂದ. ತಡೆದು ಕೇಳಿದ: "ನೀವು?"

ಗಂಗಾ ಮೊಗ್ಗನ್ನು ಅವನ ಅಂಗೈಗಿಟ್ಟಳು.

"ಹೂ," ಅಂದಳು.

ಯಾವುದು ಎಂದು ಅವನು ಕೇಳಲಿಲ್ಲ.